ನೆನಪಿಗೂ ಒಂದು ಬದು

ಬಸ್ ಸ್ಟಾಪು

ಇಂಗ್ಲೆಂಡಿನಲ್ಲಿ ನಾನು ಮೊದಲು ಜಗಳಕ್ಕೆ ನಿಂತದ್ದು ಒಂದು ಬಸ್ಸಿನ ಜೊತೆ. ಬಸ್ಸು ನಿಲ್ಲಲಿಲ್ಲವಾದ್ದರಿಂದ ಜಗಳ ಒಂದೇ ಕಡೆಯದಾಯಿತು.

ಸ್ಟಾಪಿನ ಕಂಬದ ಕೆಳಗೇ ನಿಂತಿದ್ದೆ. ಕೈಯಲ್ಲಿ ಸೂಟ್‌ಕೇಸು, ಹೆಗಲಿಗೆ ಚೀಲ, ಮುಖದ ಮೇಲೆ ಪರವೂರಿನವಳ ಎಲ್ಲ ಲಕ್ಷಣ. ನಮ್ಮೂರು ಮೊರಬದಲ್ಲಿ ಬಸ್ಸು ಹತ್ತಲು ಇಷ್ಟೆಲ್ಲ ಬೇಡ. ಚಹಾದಂಗಡಿಯಲ್ಲಿ ಕುಳಿತವರು ಸುಮ್ಮನೆ ರಸ್ತೆ ಕಡೆ ಕತ್ತು ತಿರುಗಿಸಿದರೂ ಕಂಡಕ್ಟರ್ "ಬರಾವರೇನ್ರಿ?" ಎಂದು ಕೂಗಿ ಕೇಳುತ್ತಾನೆ. ಇಲ್ಲಿ ಡ್ರೈವರ್ ನನ್ನನ್ನು ನೋಡಿದ, ಸೌಜನ್ಯದಿಂದ ನಕ್ಕ, ಹಾಗೇ ಹೋದ. ನಾಯಿ ಹಿಡಿದುಕೊಂಡು ಬರುತ್ತಿದ್ದ ಒಬ್ಬ ಹೆಂಗಸು, "ನೀವು ಕೈ ಚಾಚಬೇಕಿತ್ತು" ಎಂದಳು.

"ಸ್ಟಾಪಿನಲ್ಲಿ ನಿಂತಿದ್ದೇ ಸಾಲದೇ?" ಎಂದೆ.

"ಸಾರಿ" ಎಂದು ಅವಳೂ ಹೋದಳು. ಆ ದೇಶದಲ್ಲಿ ಆ ಮಾತಿಗೆ ಎದುರುತ್ತರವಿಲ್ಲ. ವಾದಿಸುವವರನ್ನು ಅವರು ಕ್ಷಮೆ ಕೇಳಿಯೇ ಸೋಲಿಸುತ್ತಾರೆ.

ನಾನು ಹುಬ್ಬಳ್ಳಿಯಲ್ಲಿ ಕಾನೂನು ಓದುವವಳು. ಹೈಸ್ಕೂಲಿನಿಂದ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ಮಾತಾಡಿ, ಯಾರಾದರೂ "ಇವತ್ತು ಬಿಸಿಲು ಜೋರು" ಎಂದರೂ "ಯಾವುದಕ್ಕೆ ಹೋಲಿಸಿ?" ಎಂದು ಕೇಳುವ ಚಟ ಅಂಟಿದೆ. ಮಧ್ಯಯುಗದ ರಾಜರು, ಅವರ ನ್ಯಾಯಸ್ಥಾನಗಳು ಕಾನೂನನ್ನು ಹೇಗೆ ರೂಪಿಸಿದವು ಎಂಬ ಬೇಸಿಗೆ ತರಗತಿಗೆ ಆಯ್ಕೆಯಾಗಿ ಮೂರು ವಾರದ ಮಟ್ಟಿಗೆ ಆ ಸಣ್ಣ ಊರಿಗೆ ಹೋಗಿದ್ದೆ. ಊರಿನ ಹೆಸರು ಹೇಳುವುದಿಲ್ಲ. ಬರೆದಂತೆ ಓದಿದರೆ ಅಲ್ಲಿಯವರು ನಗುತ್ತಾರೆ, ಅರ್ಧ ಅಕ್ಷರ ನುಂಗಿ ಅವರು ಹೇಳುವ ರೀತಿ ನನಗೆ ಕೊನೆಯವರೆಗೂ ಬರಲಿಲ್ಲ.

ಮುಂದಿನ ಬಸ್ಸಿಗೆ ಎರಡೂ ಕೈ ಚಾಚಿದೆ.

ಜೀನ್ ಅವರ ಮನೆ

ಉಳಿದ ವಿದ್ಯಾರ್ಥಿಗಳೆಲ್ಲ ಹಾಸ್ಟೆಲಿನಲ್ಲಿದ್ದರು. ನನ್ನ ಅರ್ಜಿ ತಡವಾದದ್ದರಿಂದ ಜೀನ್ ಎಂಬ ಎಪ್ಪತ್ತರ ಆಸುಪಾಸಿನ ವಿಧವೆಯ ಮನೆಯ ಮಹಡಿ ನನ್ನ ಪಾಲಿಗೆ ಬಂತು. ಸಂಜೆ ಬೆಳಕಿರುವಾಗಲೇ ಅವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಟೀವಿ ನೋಡುತ್ತ ಊಟ ಮುಗಿಸುತ್ತಿದ್ದರು. ಮೊದಲ ದಿನ, "ಇನ್ನೊಂದಿಷ್ಟು ಆಲೂಗಡ್ಡೆ?" ಎಂದರು. ಹೊಟ್ಟೆ ಹಸಿದಿತ್ತು. ಮರ್ಯಾದಸ್ಥರ ಮಗಳಾಗಿ "ಬೇಡ" ಎಂದೆ. ನಮ್ಮಲ್ಲಿ ಬೇಡ ಎಂದ ಮೇಲೇ ಬಡಿಸುವವರಿಗೆ ಹುರುಪು ಬರುವುದು. ಎರಡು ಸಲ ಬೇಡ ಎಂದು, ಮೂರನೆಯದಕ್ಕೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, ಆ ಕೈಯ ಸಂದಿಯಲ್ಲಿ ಬಡಿಸಿಕೊಂಡು ಉಣ್ಣುವುದು ಪದ್ಧತಿ. ಜೀನ್ "ಸರಿ" ಎಂದು ಪಾತ್ರೆ ಎತ್ತಿ ಒಳಗಿಟ್ಟರು. ಅಂದು ರಾತ್ರಿ ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿಯನ್ನು, ಸಪ್ಪಳವಾಗದಂತೆ, ಹೊದಿಕೆಯೊಳಗೆ ಮುರಿದು ತಿಂದೆ.

"ಪಕ್ಕದ ಮನೆಯಲ್ಲಿ ಯಾರಿದ್ದಾರೆ?" ಎಂದು ಒಮ್ಮೆ ಕೇಳಿದೆ.

ಜೀನ್ ಸ್ವಲ್ಪ ಯೋಚಿಸಿ, "ನಾಯಿ ಇರುವವರು ಯಾರೋ" ಎಂದರು. ಆ ಮನೆಯಲ್ಲಿ ಅವರು ಮದುವೆಯಾಗಿ ಬಂದಾಗಿನಿಂದ ಇದ್ದರು.

ಮೊದಲ ವಾರ ಮುಗಿಯುವುದರೊಳಗೆ ಅಪ್ಪನ ಫೋನು ಬಂತು. ನನ್ನದು ಸಂಜೆಯ ಚಹಾದ ಹೊತ್ತು, ಅಲ್ಲಿ ಊಟದ ಹೊತ್ತು.

"ಲೇ ಸುಜಾತಾ, ಊಟಾತೇನು?"

"ಇಲ್ಲಿನ್ನಾ ಹೊತ್ತೈತಿ. ದನಿ ಯಾಕ ಹಿಂಗೈತಿ?"

"ಏನಿಲ್ಲ. ಬಸನಗೌಡ್ರು ಬಂದಿದ್ರು. ನಮ್ಮನಿಗೆ. ಒಳಗ ಬಂದು ಕುರ್ಚಿ ಮ್ಯಾಲ ಕುಂತು ಚಾ ಕುಡದ್ರು."

ಗೌಡರು ಚಹಾ ಕುಡಿದದ್ದನ್ನು ಅಪ್ಪ ಮೊದಲು ಹೇಳಿದ, ಯಾಕೆ ಬಂದರೆಂಬುದನ್ನು ಆಮೇಲೆ. ಎದುರಾಳಿ ಯಾವುದನ್ನು ಮೊದಲು ಹೇಳುತ್ತಾನೋ ಅಲ್ಲೇ ಅವನ ಮೆತ್ತನೆಯ ಜಾಗ ಇರುತ್ತದೆ ಎಂಬುದು ಚರ್ಚೆಯಲ್ಲಿ ನಾನು ಕಲಿತ ಮೊದಲ ಪಾಠ.

ವಿಷಯ ಇಷ್ಟು. ಬಸನಗೌಡರ ಹೊಲಕ್ಕೂ ಅವರ ದಾಯಾದಿ ಹನಮಂತಗೌಡರ ಹೊಲಕ್ಕೂ ನಡುವೆ ಇದ್ದ ಬದುವನ್ನು, ಗಡಿ ಗುರುತಿನ ಬಾಂದಿನ ಕಲ್ಲುಗಳ ಸಮೇತ, ಹಿಂದಿನ ಮಳೆಗಾಲದಲ್ಲಿ ಬೆಣ್ಣೆಹಳ್ಳ ಕೊಚ್ಚಿಕೊಂಡು ಹೋಗಿತ್ತು. ಸರ್ವೆಯವರು ಅಳೆದರು; ಒಬ್ಬರಿಗೆ ಸರಿಯಾದದ್ದು ಇನ್ನೊಬ್ಬರಿಗೆ ತಪ್ಪಾಯಿತು. ಬಿತ್ತನೆ ಹತ್ತಿರ ಬಂದಿತ್ತು. ಎರಡೂ ಮನೆಯ ಗಂಡಸರು ಬಡಿಗೆ ಹಿಡಿದು ಹೊಲಕ್ಕೆ ಹೋಗಲು ಶುರುಮಾಡಿದ್ದರು. ಆಗ ಊರ ಹಿರಿಯರಿಗೆ ನಮ್ಮ ಮನೆ ನೆನಪಾಯಿತು.

ನಮ್ಮ ಮನೆತನದ್ದು ಊರ ಕುಳವಾಡಿಕೆ. ಸತ್ತ ದನ ಹೊರುವುದು, ಹಲಗೆ ಬಾರಿಸುವುದು, ಜೊತೆಗೆ ಹೊಲದ ಗಡಿ ತೋರಿಸುವುದು. ಗಡಿಯ ತಂಟೆ ಬಂದರೆ ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಬರಿಗಾಲಲ್ಲಿ ನಿಂತು, ಅದೇ ಹೊಲದ ಹಸಿ ಮಣ್ಣಿನ ಮುದ್ದೆಯನ್ನು ತಲೆಯ ಮೇಲೆ ಹೊತ್ತು ನಡೆಯಬೇಕು. ಅವನು ನಡೆದದ್ದೇ ಗಡಿ. ಸುಳ್ಳು ನಡೆದರೆ ಮುದ್ದೆ ಒಡೆದು ಅವನ ವಂಶ ಹಾಳಾಗುತ್ತದೆಂದು ನಂಬಿಕೆ. ಹೊಲ ಗೌಡರದು, ವಂಶ ಮಾತ್ರ ನಮ್ಮದು! ನಡೆದು ಮುಗಿದ ಮೇಲೆ ಅವನನ್ನು ದೂರ ನಿಲ್ಲಿಸಿ ಜೋಳ ಸುರಿಯುತ್ತಿದ್ದರು. ನಮ್ಮವರು ಬೌದ್ಧರಾದ ವರ್ಷ ಮುತ್ಯಾ ಹಲಗೆ ಕೆಳಗಿಟ್ಟು, ಇನ್ನು ಈ ತಲೆಯ ಮೇಲೆ ಯಾರ ಮಣ್ಣೂ ಇಲ್ಲ ಎಂದಿದ್ದ. ಕೊನೆಯ ಸಲ ಅವನು ನಡೆದದ್ದು ಇದೇ ಗೌಡರ ಹೊಲದಲ್ಲಿ, ಮತ್ತು ಅವತ್ತು ಅವನ ಹಿಂದೆ ಅಪ್ಪನೂ ಇದ್ದ. ಈಗ ಅಪ್ಪ ಕರೆಂಟಿನ ಲೈನ್‌ಮನ್. ಊರಿಗೆಲ್ಲ ಬೆಳಕು ಬರಬೇಕಾದರೆ ಅವನೇ ಕಂಬ ಹತ್ತಬೇಕು.

"ನೀ ಏನಂದಿ?" ಎಂದೆ.

"ಏನೂ ಅನ್ನಲಿಲ್ಲ. ಅಲ್ಲಲೇ, ಬಾಂದು ಎಲ್ಲಿತ್ತಂತ ನಂಗೊಬ್ಬಂಗ ಗೊತ್ತೈತಿ. ನಾಳೆ ಹೆಣ ಬಿದ್ದ ಮ್ಯಾಲ ಗೊತ್ತಿತ್ತು ಅಂದ್ರೇನ್ ಬಂತು?"

"ಗೊತ್ತಿದ್ರ ಕೋರ್ಟಿನ್ಯಾಗ ಹೇಳು. ತಲಿ ಮ್ಯಾಲ ಮಣ್ಣ ಹೊತ್ತು ಹೇಳಬ್ಯಾಡ. ಮುತ್ಯಾನ ಮಾತು ಮರತೇನು?"

"ಮರತಿಲ್ಲ."

"ಮತ್ತ? ಒಂದು ಕಪ್ ಚಾ ಕುಡದ್ರ ಆತೇನು? ನೀ ಆ ಮಣ್ಣ ಹೊತ್ರ ನಾ ಮೊರಬಕ್ಕ ಬರಂಗಿಲ್ಲ, ನೋಡು. ವಿಮಾನ ಇಳದು ಸೀದಾ ಹುಬ್ಬಳ್ಳಿಗೆ ಹೋಗ್ತೀನಿ."

ಆ ಕಡೆ ನಮ್ಮ ಓಣಿಯ ಒಂದು ಟ್ರ್ಯಾಕ್ಟರು ಹಾದುಹೋದದ್ದು ಕೇಳಿಸಿತು.

"ಆತು. ಹೊತ್ತಿಗೆ ಊಟ ಮಾಡು" ಎಂದು ಅಪ್ಪ ಫೋನಿಟ್ಟ.

ಅಲ್ಲಿಂದ ಮುಂದೆ ಅವನ ಫೋನು ಬರಲಿಲ್ಲ. ನಾನು ಮಾಡಿದರೆ ಅವ್ವ ಎತ್ತುತ್ತಿದ್ದಳು. "ನಿಮ್ಮಪ್ಪ ಲೈನ್ ಮ್ಯಾಲ ಹೋಗ್ಯಾನ" ಎನ್ನುತ್ತಿದ್ದಳು. ಪ್ರತಿ ಸಲವೂ ಅದೇ ಮಾತು. ಆ ದಿನಗಳಲ್ಲಿ ನಮ್ಮ ತಾಲೂಕಿನಲ್ಲಿ ಕಂಬವಿದ್ದಷ್ಟೂ ಅಪ್ಪ ಹತ್ತಿರಬೇಕು.

ರಾಜನ ಪಡಸಾಲೆ

ಊರ ನಡುವೆ ಒಂದು ಹಳೆಯ ಕಲ್ಲಿನ ಪಡಸಾಲೆ ಇದೆ. ಎತ್ತರದ ಮರದ ತೊಲೆಗಳು, ಒಳಗೆ ಬೇಸಿಗೆಯಲ್ಲೂ ತಂಪು. ರಾಜನ ನ್ಯಾಯಾಧೀಶರು ಕುದುರೆ ಏರಿ ಊರೂರು ತಿರುಗುತ್ತಿದ್ದ ಕಾಲದಲ್ಲಿ ಇಲ್ಲಿ ಕುಳಿತು ತೀರ್ಪು ಕೊಡುತ್ತಿದ್ದರಂತೆ. ತರಗತಿಯವರೆಲ್ಲ ಫೋಟೋ ತೆಗೆದುಕೊಂಡು ಹೊರಟ ಮೇಲೂ ನಾನು ಬೆಂಚಿನ ಮೇಲೆ ಉಳಿದೆ. ಹೋಗಿ ಮಾಡುವುದೇನೂ ಇರಲಿಲ್ಲ. ಪಡಸಾಲೆಯನ್ನು ತೋರಿಸುವ ಪೀಟರ್ ಎಂಬ ನಿವೃತ್ತ ಮೇಷ್ಟ್ರಿಗೂ ಇರಲಿಲ್ಲ ಅನ್ನಿಸುತ್ತದೆ. ಬಂದು ಪಕ್ಕದಲ್ಲಿ ಕುಳಿತರು.

ಹನ್ನೆರಡನೇ ಶತಮಾನದ ಎರಡನೇ ಹೆನ್ರಿಯ ಕತೆ ಅವರಿಗೆ ಬಾಯಿಪಾಠ. ನಿನ್ನನ್ನು ಯಾರೋ ಬಲವಂತದಿಂದ ಹೊಲ ಬಿಡಿಸಿದರೆನ್ನು. ನೀನು ರಾಜನ ಆಜ್ಞಾಪತ್ರ ಪಡೆಯಬಹುದು. ರಾಜನ ಅಧಿಕಾರಿ ಹನ್ನೆರಡು ಮಂದಿ ನೆರೆಯವರನ್ನು ಕರೆಯುತ್ತಾನೆ. ಅವರು ಮೊದಲು ಹೊಲವನ್ನು ನೋಡಿಕೊಂಡು ಬರುತ್ತಾರೆ. ಆಮೇಲೆ ಇಲ್ಲಿ ನಿಂತು, ಪ್ರಮಾಣ ಮಾಡಿ, ಒಂದೇ ಪ್ರಶ್ನೆಗೆ ಉತ್ತರ ಹೇಳುತ್ತಾರೆ: ಇವನು ಅವನನ್ನು ಅನ್ಯಾಯವಾಗಿ ಹೊರಗೆ ಹಾಕಿದನೋ ಇಲ್ಲವೋ?

"ರಾಜನಿಗೆ ಇದರಿಂದ ಏನು ಬಂತು?" ಎಂದೆ.

ಪೀಟರ್ ನಕ್ಕರು. "ಶುಲ್ಕ ಬಂತು. ಜೊತೆಗೆ ದೊಡ್ಡ ದೊಡ್ಡ ಜಮೀನ್ದಾರರ ಕೋರ್ಟುಗಳು ಖಾಲಿಯಾದವು."

"ಅಂದರೆ ನ್ಯಾಯ ಅವನ ಅಂಗಡಿ."

"ಅಂಗಡಿಯೇ. ಆದರೆ ಸರಕು ಚೆನ್ನಾಗಿತ್ತು, ಜನ ಬಂದರು."

ಒಪ್ಪಿದೆ. ನಮ್ಮ ಕಡೆಯ ಹಳೆಯ ಶಾಸನದ ಕಲ್ಲುಗಳನ್ನು ನೆನೆದೆ. ಅಣ್ಣಿಗೇರಿ ಕಡೆ ಹೋದರೆ ಬೇಕಾದಷ್ಟು ಸಿಗುತ್ತವೆ. ಮೇಲೆ ಸೂರ್ಯ ಚಂದ್ರ, ಆಕಳು ಕರು. ಕೆಳಗೆ ಯಾವ ದಿಕ್ಕಿಗೆ ಯಾವ ಮರ, ಯಾವ ಹಳ್ಳ ಎಂದು ಗಡಿಯ ವಿವರ. ಕೊನೆಗೆ, ಈ ಭೂಮಿಯನ್ನು ಕಸಿದವನು ಹುಳವಾಗಿ ಹುಟ್ಟಲಿ ಎಂಬಂಥ ಶಾಪ. ನಮ್ಮ ರಾಜರು ಶಾಪ ಹಾಕಿ ಮನೆಗೆ ಹೋದರು. ಇವರ ರಾಜ ಅಧಿಕಾರಿಯನ್ನು ಕಳಿಸಿದ. ಮುತ್ಯಾನ ತಲೆಯ ಮೇಲಿನ ಮಣ್ಣಿನ ಮುದ್ದೆಯೂ ಆ ಶಾಪದ ಒಂದು ತುಂಡೇ. ಅಧಿಕಾರಿಯ ಖರ್ಚು ಉಳಿಯಿತು, ಅಷ್ಟೆ.

"ಆ ಹೊಲದಲ್ಲಿ ದುಡಿಯುವ ಜೀತದವನು ಈ ಪಡಸಾಲೆಗೆ ಬಂದು ಕೇಳಬಹುದಿತ್ತೇ?"

"ಇಲ್ಲ. ಸ್ವತಂತ್ರರಿಗೆ ಮಾತ್ರ."

"ಹನ್ನೆರಡು ಮಂದಿಯಲ್ಲಿ ಒಬ್ಬನಾಗಿ?"

"ಅದೂ ಇಲ್ಲ."

"ಗಡಿ ಎಲ್ಲಿದೆ ಎಂದು ಅವನೊಬ್ಬನಿಗೇ ಸರಿಯಾಗಿ ಗೊತ್ತಿದ್ದರೆ?"

ಪೀಟರ್ ಕನ್ನಡಕ ತೆಗೆದು ಒರೆಸಿದರು. "ಆ ಹನ್ನೆರಡು ಮಂದಿ ಬರುವ ಮೊದಲು ಅವನನ್ನು ಕೇಳಿಯೇ ಬಂದಿರುತ್ತಾರೆ. ಇದು ನನ್ನ ಊಹೆ. ಯಾರೂ ಬರೆದಿಡಲಿಲ್ಲ."

ಹೊರಡುವಾಗ ಇನ್ನೊಂದು ಮಾತು ಹೇಳಿದರು. ಇಂಗ್ಲೆಂಡಿನ ಕಾನೂನಿನ ನೆನಪಿಗೆ ಒಂದು ಆರಂಭದ ದಿನ ಇದೆಯಂತೆ. 1189ರಲ್ಲಿ, ಆ ಹೆನ್ರಿಯ ಮಗ ರಿಚರ್ಡ್ ಪಟ್ಟಕ್ಕೆ ಬಂದ ದಿನ. ಅದಕ್ಕಿಂತ ಹಿಂದಿನಿಂದ ನಡೆದು ಬಂದದ್ದು 'ನೆನಪಿಗೆ ಮೀರಿದ್ದು', ಅದನ್ನು ಪ್ರಶ್ನಿಸುವಂತಿಲ್ಲ. ಒಬ್ಬ ರಾಜ ಕಿರೀಟ ಇಟ್ಟುಕೊಂಡ ದಿನವನ್ನೇ ಬದು ಮಾಡಿ, ಇಡೀ ದೇಶದ ನೆನಪನ್ನು ಈಚೆ ಆಚೆ ಎಂದು ಪಾಲು ಮಾಡಿದ್ದಾರೆ! ನಮ್ಮ ಮನೆಯ ನೆನಪು ಎಲ್ಲಿಂದ ಶುರು ಎಂದು ಲೆಕ್ಕ ಹಾಕುತ್ತ ಜೀನ್ ಅವರ ಮನೆ ಕಡೆ ನಡೆದೆ. ಮುತ್ಯಾ ಹಲಗೆ ಕೆಳಗಿಟ್ಟ ದಿನದಿಂದ ಎನ್ನಿಸಿತು. ಅದಕ್ಕೆ ಹಿಂದಿನದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಇದನ್ನು ಅಪ್ಪನಿಗೆ ಹೇಳಬೇಕಿತ್ತು. ಕೇಳಿದರೆ ಅವನು ಖಂಡಿತ "ಆ ರಾಜಗ ಬ್ಯಾರೆ ಉದ್ಯೋಗ ಇರಲಿಲ್ಲೇನು?" ಎನ್ನುತ್ತಿದ್ದ. ಫೋನು ಮಾಡಿದೆ. ಲೈನ್ ಮೇಲೆ ಹೋಗಿದ್ದ.

ಗೋಧಿ ಹೊಲ

ಭಾನುವಾರ ಆ ಊರು ಬಾಗಿಲು ಹಾಕಿಕೊಂಡಿರುತ್ತದೆ. ಸುಮ್ಮನೆ ನಡೆಯುತ್ತ ಊರ ಹೊರಗೆ ಬಂದೆ. ಒಂದು ಕಂಬದ ಮೇಲೆ 'ಸಾರ್ವಜನಿಕ ಕಾಲುದಾರಿ' ಎಂಬ ಬಾಣದ ಗುರುತು. ಅದು ಬೊಟ್ಟು ಮಾಡಿದ್ದು ಮೊಣಕಾಲಿಗೂ ಮೇಲೆ ಬೆಳೆದ ಗೋಧಿ ಹೊಲದ ನಡುಮಧ್ಯಕ್ಕೆ. ತೆನೆಗಳ ನಡುವೆ ಒಬ್ಬರು ಹೋಗುವಷ್ಟು ಅಗಲದ ಬೋಳು ಗೆರೆ, ಗುಡ್ಡದ ಆಚೆಗೆ ಇಳಿದು ಹೋಗಿತ್ತು.

ನಾನು ಅಲ್ಲೇ ನಿಂತೆ. ನಾನು ಹುಟ್ಟಿದ ಕಡೆ ಇನ್ನೊಬ್ಬರ ಪೀಕಿನಲ್ಲಿ ಕಾಲಿಡುವುದಿಲ್ಲ. ಅದರಲ್ಲೂ ನಮ್ಮಂಥವರು ಇಡುವುದಿಲ್ಲ. ಅವ್ವ ಹುಲ್ಲಿಗೆ ಹೋಗುವಾಗಲೂ ಗೌಡರ ಹೊಲ ಬಂದರೆ ಸುತ್ತು ಹಾಕಿಯೇ ಹೋಗುತ್ತಿದ್ದಳು. ಎಷ್ಟು ಹೊತ್ತು ನಿಂತಿದ್ದೆನೋ, ರಬ್ಬರ್ ಬೂಟಿನ ಗಿಡ್ಡ ಮನುಷ್ಯನೊಬ್ಬ ಬೇಲಿ ಪಕ್ಕದಿಂದ ಬಂದ.

"ದಾರಿ ತಪ್ಪಿತೇ?"

"ಇಲ್ಲ. ಇದು ಯಾರ ಹೊಲ?"

"ನನ್ನದು."

"ನಡೆಯಬಹುದೇ?"

ಅವನಿಗೆ ಪ್ರಶ್ನೆ ವಿಚಿತ್ರವೆನಿಸಿತು. "ನನ್ನನ್ನು ಯಾಕೆ ಕೇಳುತ್ತೀರಿ? ಅದು ನಿಮ್ಮ ಹಕ್ಕು. ನನಗೆ ಇಷ್ಟವಿದೆ ಎಂದಲ್ಲ. ಪ್ರತಿ ವರ್ಷ ಬಿತ್ತಿದ ಮೇಲೆ ನಾನೇ ಈ ದಾರಿಯನ್ನು ಮತ್ತೆ ಬಿಡಿಸಿ ಕೊಡಬೇಕು. ನನ್ನಪ್ಪನೂ ಬೈದುಕೊಂಡೇ ಬಿಡಿಸುತ್ತಿದ್ದ."

"ಯಾವ ಕಾಲದಿಂದ ಇದೆ?"

"ಯಾರಿಗೆ ಗೊತ್ತು! ಜನ ನಡೆಯುತ್ತಿದ್ದರು, ನಡೆಯುತ್ತಿದ್ದಾರೆ. ನಡೆಯುವುದು ಬಿಟ್ಟರೆ ದಾರಿ ಮುಚ್ಚಿಹೋಗುತ್ತದೆ. ಆಮೇಲೆ ದಾರಿ ಇತ್ತೆಂದು ಹೇಳುವವರೂ ಉಳಿಯುವುದಿಲ್ಲ. ನಡೆಯಿರಿ, ನಡೆಯಿರಿ" ಎಂದು, ದನ ಅಟ್ಟುವವನಂತೆ ಕೈ ಬೀಸಿದ.

ನಡೆದೆ. ತೆನೆಗಳು ಎರಡೂ ಕಡೆಯಿಂದ ಕೈಗೆ ತಾಗಿದವು. ಹೊಲದ ಒಡೆಯನೇ ಬೈದುಕೊಳ್ಳುತ್ತ ನನ್ನನ್ನು ತನ್ನ ಬೆಳೆಯ ನಡುವೆ ಕಳಿಸಿದ್ದ. ಇದನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆಯುತ್ತದೆ ಎನ್ನಿಸಿತು. ಗುಡ್ಡದ ತುದಿಯಲ್ಲಿ ನಿಂತು ಸುತ್ತ ನೋಡಿದೆ. ಕಣ್ಣಿಗೆ ಬಿದ್ದಷ್ಟೂ ದೂರ ಒಂದು ನರಪಿಳ್ಳೆಯೂ ಇರಲಿಲ್ಲ. ನಮ್ಮ ಓಣಿಯಲ್ಲಿ, ಯಾರು ಏನು ಉಂಡರೆಂಬುದೂ ಎಲ್ಲರಿಗೂ ಗೊತ್ತಿರುವ ಕಡೆ, ನನಗೆ ಉಸಿರು ಕಟ್ಟುತ್ತಿತ್ತು. ಇಲ್ಲಿ ಉಸಿರಾಡಲು ಬೇಕಾದಷ್ಟು ಗಾಳಿ ಇತ್ತು. ಅದರಲ್ಲಿ ನನ್ನ ಹೆಸರು ಹಿಡಿದು ಕರೆಯುವ ದನಿ ಒಂದೂ ಇರಲಿಲ್ಲ.

ಚರ್ಚೆಯ ದಿನ

ಕೊನೆಯ ದಿನದ ಚರ್ಚೆಗೆ ವಿಷಯ: 'ಕಾನೂನು ರಾಜರ ಕೊಡುಗೆ'. ನಾನು ವಿರೋಧದಲ್ಲಿದ್ದೆ. ಎದುರಾಳಿಯ ಬಲವಾದ ಮಾತನ್ನು ಮೊದಲೇ ಒಪ್ಪಿಕೊಂಡುಬಿಡಬೇಕು ಎಂಬ ನಿಯಮದಂತೆ, ರಾಜ ಪಡಸಾಲೆ ಕಟ್ಟಿಸಿದ, ಹನ್ನೆರಡು ಮಂದಿಯನ್ನು ನಿಲ್ಲಿಸಿದ, ಅವರ ಮಾತಿಗೆ ಬಲ ಕೊಟ್ಟ ಎಂದೆ. "ಆದರೆ ಆ ಹನ್ನೆರಡು ಮಂದಿಗೆ ತಿಳಿವಳಿಕೆ ಕೊಟ್ಟ ಹದಿಮೂರನೆಯವನು ಹೊರಗೆ ನಿಂತಿದ್ದ. ಬಾಗಿಲು ರಾಜನದಿರಬಹುದು. ಒಳಗೆ ಆಡಿದ ಮಾತು ಹೊರಗಿದ್ದವನದು" ಎಂದೆ. ಗೆದ್ದೆ.

ಎಲ್ಲರೂ ಕೈ ಕುಲುಕಿದರು. "ಪಬ್ಬಿಗೆ ಹೋಗುತ್ತಿದ್ದೇವೆ, ಬರುತ್ತೀಯಾ?" ಎಂದರು. ಬಾಯಿಗೆ ಅಭ್ಯಾಸ, "ಬೇಡ, ನೀವು ಹೋಗಿ" ಎಂದೆ. ಅವರು ಹೋದರು. ಮೂರು ವಾರ ಆಲೂಗಡ್ಡೆಯಿಂದ ಕಲಿಯದ ಪಾಠವನ್ನು ಖಾಲಿ ಕೋಣೆಯಲ್ಲಿ ನಿಂತು ಕಲಿತೆ.

ಬಸ್ ಸ್ಟಾಪಿನಲ್ಲಿ ಒಬ್ಬಳೇ ಕುಳಿತಿದ್ದಾಗ ಫೋನು ಬಂತು. ಅಪ್ಪ.

"ಗೆದ್ದೀ ಏನು?"

"ಗೆದ್ದೆ."

"ಯಾರ ಮ್ಯಾಲ?"

"ರಾಜನ ಮ್ಯಾಲ."

"ಬೇಷ್." ಸ್ವಲ್ಪ ತಡೆದು, "ನಾನೂ ಇವತ್ತ ನಡದೆ" ಎಂದ.

ವಿಮಾನ ಇಳಿದು ಸೀದಾ ಹುಬ್ಬಳ್ಳಿಗೆ ಎಂದವಳು ನಾನೇ. "ಮಣ್ಣ?" ಎಂದೆ.

"ಕೇಳಿಲ್ಲಿ. ಹಿರ್ಯಾರೆಲ್ಲಾ ಬಂದಿದ್ರು. ಬುಟ್ಟ್ಯಾಗ ಮಣ್ಣ ಕಲಿಸಿ ತಯಾರ ಇಟ್ಟಿದ್ರು. ನಾ ಡ್ಯೂಟಿ ಮುಗಿಸಿ ಬೂಟ ಸಮೇತ ಹಂಗಽ ಹೋದೆ. ಬಸನಗೌಡ್ರು, 'ದೇವೇಂದ್ರಾ, ಬೂಟ ತಗಿ, ಮಣ್ಣ ಹೊರು' ಅಂದ್ರು. 'ಬೂಟೂ ತಗ್ಯಂಗಿಲ್ಲ, ಮಣ್ಣೂ ಹೊರಂಗಿಲ್ಲರಿ, ಬಾಂದು ಎಲ್ಲಿತ್ತು ಅಷ್ಟ ತೋರಸ್ತೀನಿ' ಅಂದೆ. 'ಮಣ್ಣ ಇಲ್ಲಂದ್ರ ಹೆಂಗ ನಂಬೂದು?' ಅಂದ್ರು."

"ನೀ ಏನಂದಿ?"

"'ನೀವು ನಂಬೂದು ಮಣ್ಣನ್ನೋ, ನನ್ನನ್ನೋ? ಮಣ್ಣ ನಂಬೂದಾದ್ರ ಬುಟ್ಟೀನ ನಡಸ್ರಿ' ಅಂದೆ."

ಖಾಲಿ ರಸ್ತೆಯಲ್ಲಿ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಎದುರು ಮನೆಯ ಪರದೆ ಅಲ್ಲಾಡಿತು.

"ಹನಮಂತಗೌಡಾನೂ ಹಿಂಗಽ ನಕ್ಕ" ಎಂದ ಅಪ್ಪ. "ಆಮ್ಯಾಲ ಇಬ್ರನ್ನೂ ಆಜೂಬಾಜು ಕರಕೊಂಡು ನಡದೆ. ಬೇವಿನ ಗಿಡದಿಂದ ಹಾಳಬಾವಿ ಮೂಲಿತನಕ. ಮುಂಜಾನಿ ಮಳಿ ಆಗಿತ್ತು, ಎರಿಮಣ್ಣ ಬೂಟಿಗೆ ಇಷ್ಟಿಷ್ಟ ದಪ್ಪ ಹತ್ತಿತ್ತು ನೋಡಲೇ. ಕಾಲ ಎತ್ತಾಕ ಬರವಲ್ದು."

"ಯಾರಿಗೆ ಕಡಿಮಿ ಬಂತು?"

"ಚಾ ಕುಡದಾವರಿಗೆ."

"ಒಪ್ಪಿದ್ರೇನು?"

"ಏನೂ ಅನ್ನಲಾರದ ಹ್ವಾದ್ರು. ನಾಡದು ಬಿತ್ತಿಗಿ. ಯಾರ ಕೂರಿಗಿ ಎಲ್ಲಿ ತಿರಗತೈತಿ, ಆವಾಗ ಗೊತ್ತಾಗೂದು." ಆಮೇಲೆ ದನಿ ಇಳಿಸಿ, "ಮೊರಬಕ್ಕ ಬರತಿಯಲಾ?" ಎಂದ.

"ಬರತೀನಿ" ಎಂದೆ. ಕೈ ಚಾಚಲು ಮರೆತೆ. ಬಸ್ಸು ಹೋಯಿತು.

ಮೊರಬ

ಚರ್ಚೆಯಾದ ಹತ್ತನೆಯ ದಿನ, ಹುಬ್ಬಳ್ಳಿಯಲ್ಲಿ ಬಸ್ಸು ಕಂಡದ್ದೇ ತಡ ಕೈ ಚಾಚಿದೆ. "ಯಾಕಬೇ, ಪೊಲೀಸ ಆಗೀಯೇನು? ಗಾಡಿ ನಿಂತೈತಿ, ಹತ್ತು" ಎಂದ ಕಂಡಕ್ಟರ್.

ಮನೆಯಲ್ಲಿ ಚೀಲ ಇಟ್ಟು, ಅವ್ವ ಬಡಿಸಿದ ಮೂರನೆಯ ರೊಟ್ಟಿಗೆ ಬೇಡವೆನ್ನದೆ ಉಂಡು, ಅಪ್ಪನ ಬೈಕಿನ ಹಿಂದೆ ಕುಳಿತೆ. ಬಿತ್ತನೆ ಏನಾಯಿತೆಂದು ದಾರಿಯಲ್ಲಿ ಕೇಳಿದರೆ, "ನೋಡೂವಂತಿ, ನಡಿ" ಎಂದಷ್ಟೇ ಹೇಳಿದ.

ಅವತ್ತಿನ ಮಳೆ ಹೋದದ್ದು ಮತ್ತೆ ಬಂದಿರಲಿಲ್ಲ. ಎರೆನೆಲ ಒಣಗಿ ಬಿಗಿದುಕೊಂಡಿತ್ತು. ಬೇವಿನ ಗಿಡದಿಂದ ಹಾಳು ಬಾವಿಯ ಮೂಲೆಯವರೆಗೆ ಅಪ್ಪನ ಬೂಟಿನ ಹೆಜ್ಜೆಗಳು, ತಳದ ಗೀರುಗಳ ಸಮೇತ, ಅಚ್ಚಿಗೆ ಹಾಕಿದಂತೆ ಉಳಿದಿದ್ದವು. ಎಡಕ್ಕೆ ಹನಮಂತಗೌಡರ ಹೆಸರುಕಾಳು ಮೊಳೆತಿತ್ತು. ಬಲಕ್ಕೆ ಬಸನಗೌಡರದು. ಎರಡೂ ಕಡೆಯ ಹಸಿರು ಸಾಲುಗಳು ಆ ಹೆಜ್ಜೆಗಳಿಗೆ ಒಂದು ಗೇಣು ಈಚೆಗೇ ನಿಂತಿದ್ದವು. ಕಲ್ಲು ಇನ್ನೂ ನೆಟ್ಟಿರಲಿಲ್ಲ. ಯಾರ ರುಜುವೂ ಆಗಿರಲಿಲ್ಲ.

ಅಪ್ಪ ಬೇವಿನ ಕೆಳಗೆ ಬೈಕು ನಿಲ್ಲಿಸಿ, ಯಾವುದೋ ತಂತಿಯನ್ನು ನೋಡುವವನಂತೆ ಮೇಲೆ ನೋಡುತ್ತಿದ್ದ. ನಾನು ಮೊದಲನೆಯ ಹೆಜ್ಜೆಯೊಳಗೆ ಕಾಲಿಡಲು ಹೋದೆ.

"ಲೇ, ಅದರ ಮ್ಯಾಲ ಕಾಲಿಡಬ್ಯಾಡ" ಎಂದ ಮೇಲೆ ನೋಡುತ್ತಲೇ. "ಬಾಜು ನಡಿ."

ನಡೆಯದಿದ್ದರೆ ಮುಚ್ಚಿಹೋಗುತ್ತದೆ ಎಂದ ಗೋಧಿ ಹೊಲದವನ ಮಾತು ಬಾಯಿಗೆ ಬಂದಿತ್ತು. ಉದಾಹರಣೆ ಸಮೇತ ವಾದ ತಯಾರಿತ್ತು. ಹೆಜ್ಜೆಗೂ ಹೆಸರಿನ ಸಾಲಿಗೂ ನಡುವಿನ ಆ ಗೇಣು ಜಾಗದಲ್ಲಿ, ಒಂದು ಕಾಲಿನ ಮುಂದೆ ಇನ್ನೊಂದನ್ನು ಇಡುತ್ತ, ಹಾಳು ಬಾವಿಯವರೆಗೂ ಬಾಜು ನಡೆದೆ.